ಏಳನೆಯ ಜೊತೆ

ಜೆರೂಶಾ ಕಡ್ಡಿಯ ತುದಿಯನ್ನು ಕುಣಿಕೆಯೊಳಗೆ ತೂರಿಸಿ ಕರಿ ನೂಲನ್ನು ಎಳೆದುಕೊಂಡಳು. ಪಕ್ಕದ ಕೋಣೆಯಲ್ಲಿ ಅವಳ ಗಂಡ ಎಲ್ನಾಥನ್ ತನ್ನ ತಾಯಿಯ ಶವಪೆಟ್ಟಿಗೆಯ ಮುಚ್ಚಳಕ್ಕೆ ಹಿತ್ತಾಳೆ ಮೊಳೆ ಹೊಡೆಯುತ್ತಿದ್ದ. ಒಂದೊಂದು ಏಟಿಗೂ ತೊಟ್ಟಿಲಲ್ಲಿದ್ದ ಕೂಸು ಬೆಚ್ಚುತ್ತಿತ್ತು. ಅದು ಬಾಯಿ ತೆರೆಯುವ ಮೊದಲೇ ಜೆರೂಶಾ ಕಾಲಿನಿಂದ ತೊಟ್ಟಿಲನ್ನು ಒಮ್ಮೆ ತಳ್ಳಿ ಮತ್ತೆ ಹೆಣಿಗೆಗೆ ಕಣ್ಣಿಡುತ್ತಿದ್ದಳು.

"ರೀ, ಇನ್ನೆಷ್ಟು ಮೊಳೆ ಇದೆ?"

"ಹೆಸರಾಯ್ತು, ವಯಸ್ಸಾಯ್ತು. ಇಸವಿ ಹಾಕ್ತಿದೀನಿ."

"ಇಸವಿ ಯಾಕೆ? ಮಣ್ಣೊಳಗೆ ಯಾರು ಓದ್ತಾರೆ?"

"ಅಪ್ಪಂದಕ್ಕೆ ಹಾಕಿದ್ವಲ್ಲ. ಅವ್ವಂಗೆ ಬಿಟ್ರೆ ಚೆನ್ನಾಗಿರುತ್ತಾ?" ೧೭೫೩ರ ಕೊನೆಯ ಅಂಕಿಯ ಮೇಲೆ ಸುತ್ತಿಗೆ ಬಿತ್ತು. "ಆ ಕೈಗವಸು ಎಲ್ಲಿಗೆ ಬಂತು? ಪಾದ್ರಿಗಳು ಬರೋ ಹೊತ್ತಾಯ್ತು."

"ಒಂದು ಬೆರಳು ಅರ್ಧ ಆಗಿದೆ. ಇನ್ನೊಂದು ಹಾಗೇ ಇದೆ."

ಸತ್ತವರ ಮನೆಯಿಂದ ಕೈಗವಸು ಬಂದರೆ ಮಣ್ಣಿಗೆ ಕರೆ ಬಂದಂತೆ. ಹಿಂದೆ ಅರ್ಧ ಊರಿಗೆ ಹಂಚುತ್ತಿದ್ದರು. ಹಾಗೆ ಹಂಚಿ ಹಂಚಿ ಮನೆಗಳು ಬರಿದಾಗುತ್ತಿವೆ ಎಂದು ಬಾಸ್ಟನ್ನಿನ ಸರ್ಕಾರ ಒಂದು ಕಟ್ಟಳೆ ಮಾಡಿತ್ತು: ಹೆಗಲು ಕೊಡುವ ಆರು ಮಂದಿಗೆ ಆರು ಜೊತೆ, ಪಾದ್ರಿಗೆ ಒಂದು, ಅಷ್ಟೇ. ಅತ್ತೆ ಡಾರ್ಕಸ್ ತನ್ನ ಮಣ್ಣಿಗೆ ಬೇಕಾದ ಕೈಗವಸುಗಳನ್ನು ತಾನೇ ಹೆಣೆದಿಟ್ಟಿದ್ದಳು. ನೂಲೂ ಅವಳು ತೆಗೆದದ್ದೇ, ಬಣ್ಣವೂ ಅವಳು ಹಾಕಿದ್ದೇ. ಎರಡು ಚಳಿಗಾಲ ಒಲೆಯ ಮುಂದೆ ಕೂತು ಮುಗಿಸಿದ್ದಳು.

"ಏನವ್ವ, ನಿನ್ನ ಮಣ್ಣಿನ ಕೆಲಸ ನೀನೇ ಮಾಡ್ಕೋತಿದೀಯಲ್ಲ," ಎಂದು ಮಗ ರೇಗಿಸಿದರೆ, "ನಿನ್ನ ಹೆಂಡ್ತಿಗೆ ಮೂರು ಮಕ್ಕಳು, ಏಳು ಹಸು. ನಾನು ಸತ್ತ ದಿನ ಅವಳು ಕೈಗವಸು ಹೆಣೀತಾ ಕೂತಿರಬೇಕಾ?" ಅನ್ನುತ್ತಿದ್ದಳು.

ಈಗ ನೋಡಿದರೆ ಜೆರೂಶಾ ಅದನ್ನೇ ಮಾಡುತ್ತಿದ್ದಳು. ಅತ್ತೆಯ ಬಟ್ಟೆಪೆಟ್ಟಿಗೆಯಲ್ಲಿ, ಹೆಣಕ್ಕೆ ಹೊದಿಸಲು ಎತ್ತಿಟ್ಟ ಬಟ್ಟೆಯ ಕೆಳಗೆ ಸರಿಯಾಗಿ ಏಳು ಜೊತೆ ಸಿಕ್ಕಿದ್ದವು. ಆರನ್ನು ನಿನ್ನೆಯೇ ಆರು ಮನೆಗೆ ಕಳಿಸಿದ್ದಾಗಿತ್ತು. ಏಳನೆಯದರಲ್ಲಿ ಮಾತ್ರ ತಪ್ಪಿತ್ತು. ಬಲಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಅರ್ಧಕ್ಕೇ ಮುಗಿದುಬಿಟ್ಟಿದ್ದವು. ಬಿಟ್ಟುಹೋದ ಕೆಲಸದ ಹಾಗೂ ಕಾಣುತ್ತಿರಲಿಲ್ಲ. ಅಚ್ಚುಕಟ್ಟಾಗಿ ಬಾಯಿ ಮುಚ್ಚಿತ್ತು. ಮುದುಕಿಗೆ ಕಣ್ಣು ಮಂಜಾಗಿತ್ತು ಪಾಪ, ಅಂದುಕೊಂಡ ಜೆರೂಶಾ ಒಂದು ಬೆರಳಿನ ತುದಿ ಬಿಚ್ಚಿ, ಅತ್ತೆ ಉಳಿಸಿಹೋದ ಉಂಡೆಯಿಂದ ನೂಲು ಸೇರಿಸಿ, ಪಾದ್ರಿಯ ಬೆರಳಿನ ಉದ್ದಕ್ಕೆ ಬೆಳೆಸುತ್ತಿದ್ದಳು. ಜೊತೆ ಸಣ್ಣದಿತ್ತು. ಪಾದ್ರಿಯ ಕೈ ದಪ್ಪ. ಹೇಗೋ ತೂರಿಸಿಕೊಂಡರೆ ಸಾಕು.

ಹಿಂಬಾಗಿಲಿಂದ ಗಿರಣಿಯ ಓಬದಾಯ ಬಗ್ಗಿ ಒಳಗೆ ಬಂದ. ಹೆಗಲು ಕೊಡುವವರಲ್ಲಿ ಅವನೊಬ್ಬ. ಕೈಗವಸು ತೊಟ್ಟ ಎರಡು ಕೈಯನ್ನೂ ಮುಂದೆ ಚಾಚಿ ತೋರಿಸಿದ.

"ನೋಡಮ್ಮ ಜೆರೂಶಾ, ಇಷ್ಟು ಅಗಲದ ಕೈಗೆ ಈ ಊರಲ್ಲಿ ಇವತ್ತಿನವರೆಗೆ ಯಾರ ಕೈಗವಸೂ ಹಿಡಿಸಿಲ್ಲ. ನನ್ನ ಹೆಂಡ್ತಿದೂ ಹಿಡಿಸಿಲ್ಲ. ಡಾರ್ಕಸ್ ಚಿಕ್ಕಮ್ಮ ನನ್ನ ಅಳತೆ ಯಾವಾಗ ತಗೊಂಡ್ರೋ!"

"ನೀವು ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದಾಗ," ಎಂದಳು ಜೆರೂಶಾ. "ಅತ್ತೆ ಪ್ರತಿ ಭಾನುವಾರ ಗಂಡಸರ ಕೈ ನೋಡ್ತಾ ಕೂತಿರ್ತಿದ್ರು. ನಾನೇ ಒಂದ್ಸಲ ಮೊಣಕೈಲಿ ತಿವಿದಿದ್ದೆ."

"ಎಲ್ಲರಿಗೂ ಹೀಗೇ ಹಿಡಿಸಿದೆಯಂತೆ, ಒಂದು ಕುಣಿಕೆ ಹೆಚ್ಚಿಲ್ಲ, ಕಮ್ಮಿ ಇಲ್ಲ."

ಓಬದಾಯ ಹೊರಗೆ ಹೋದ ಮೇಲೆ ಜೆರೂಶಾ ತನ್ನ ಕೈಲಿದ್ದ ಮೋಟು ಬೆರಳನ್ನು ಒಂದು ಗಳಿಗೆ ನೋಡಿದಳು. ಅಷ್ಟರಲ್ಲಿ ಒಲೆಯ ಗೂಡಿನಿಂದ ರೊಟ್ಟಿ ಸೀದ ವಾಸನೆ ಬಂತು. ಹೆಣಿಗೆ ಬಿಟ್ಟು ಎದ್ದಳು.

*

ಈ ಮನೆಗೆ ಒಬ್ಬಳು ಮಗಳಿದ್ದಳು. ಕೆಜಿಯಾ. ಮನೆಯಲ್ಲಿ ಕಿಜ್ಜಿ.

ಹನ್ನೊಂದು ವರ್ಷದ ಹಿಂದೆ ಹೊಸ ಬೋಧಕರು ಊರೂರು ತಿರುಗುತ್ತ, ಕೊಟ್ಟಿಗೆಯಲ್ಲೂ ಬಯಲಲ್ಲೂ ನಿಂತು ಉಪದೇಶ ಹೇಳುತ್ತಿದ್ದರು. ಕೇಳಲು ಹೋದವರು ಅಳುತ್ತ ಮನೆಗೆ ಬರುತ್ತಿದ್ದರು. ಹಳೆಯ ಸಭೆಯವರಲ್ಲಿ ದೇವರಿಲ್ಲ ಅನ್ನುತ್ತಿದ್ದರು. ಕಿಜ್ಜಿಗೆ ಆಗ ಹತ್ತೊಂಬತ್ತು. ಅವಳ ಅಪ್ಪ ಜೊಸಾಯ ಊರಿನ ಸಭೆಯ ಹಿರಿಯ. ಭಾನುವಾರ ಕೀರ್ತನೆಯ ಒಂದೊಂದು ಸಾಲನ್ನು ಅವನು ದನಿಯೆತ್ತಿ ಹೇಳಿಕೊಡಬೇಕು, ಸಭೆ ಅದನ್ನು ಹಾಡಬೇಕು. ವಾರವೆಲ್ಲ ಮಾತಿಲ್ಲದ ಮನುಷ್ಯ ಆ ಒಂದು ಹೊತ್ತಿಗೆ ಬೇರೆಯೇ ಆಗಿಬಿಡುತ್ತಿದ್ದ.

ಒಂದು ಭಾನುವಾರ ಅವನು ಎರಡನೆಯ ಸಾಲು ಹೇಳುವಾಗ ಹೆಂಗಸರ ಕಡೆಯಿಂದ ಕಿಜ್ಜಿ ಎದ್ದು ನಿಂತಳು.

"ಅಪ್ಪಾ, ನಿನ್ನ ಹಾಡು ತುಟಿ ಮೇಲಿದೆ. ಎದೆಯಲ್ಲಿ ಇಲ್ಲ."

ಸಭೆಯೆಲ್ಲ ತಿರುಗಿ ನೋಡಿತು. ಪಕ್ಕದಲ್ಲಿದ್ದ ಡಾರ್ಕಸ್ ಮಗಳ ಲಂಗದಂಚು ಹಿಡಿದು ಕೂರಿಸಲು ನೋಡಿದಳು. ಕಿಜ್ಜಿ ಬಿಡಿಸಿಕೊಂಡು ಹೊರಗೆ ಹೋದಳು. ಜೊಸಾಯ ಮೂರನೆಯ ಸಾಲು ಹೇಳಲು ಬಾಯಿ ತೆರೆದ. ದನಿ ಬರಲಿಲ್ಲ. ಮುಂದಿನ ವಾರದಿಂದ ಆ ಕೆಲಸ ಬೇರೆಯವರದಾಯಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಎಲ್ನಾಥನ್‌ಗೆ ಆಗ ಇಪ್ಪತ್ತೆರಡು. ಅಪ್ಪ ಹೊಲದಲ್ಲಿ ಒಬ್ಬನೇ ಇದ್ದಾಗಲೂ ಮತ್ತೆ ಗುನುಗದಿದ್ದದ್ದನ್ನು ಅವನು ದಿನವೂ ಕೇಳಿಸಿಕೊಂಡ.

ಆ ಸುಗ್ಗಿಯಲ್ಲೇ ಕಿಜ್ಜಿ ಕೊಟ್ಟಿಗೆಯ ಸಭೆಯವನೊಬ್ಬನನ್ನು ಮದುವೆಯಾಗಿ ಹೊಳೆಯ ಆಚೆಗೆ ಹೋದಳು. ಈ ಹೊಸ್ತಿಲು ತುಳಿಯಕೂಡದು ಎಂದು ಅಪ್ಪ ಹೇಳಿ ಕಳಿಸಿದ.

ನಾಲ್ಕು ವರ್ಷ ಕಳೆದು ಅವನು ಹಾಸಿಗೆ ಹಿಡಿದಾಗ ಜೆರೂಶಾ ಈ ಮನೆಗೆ ಹೊಸ ಸೊಸೆ. ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಾವ ಅತ್ತೆಯ ಕೈ ಹಿಡಿದುಕೊಂಡಿದ್ದ.

"ನೀನಿರೋವರೆಗೆ ಅವಳನ್ನ ಈ ಮನೆಗೆ ಕರೆಯಲ್ಲ ಅಂತ ಮಾತು ಕೊಡು."

ಡಾರ್ಕಸ್ ಇನ್ನೊಂದು ಕೈಯಿಂದ ಅವನ ಹೊದಿಕೆ ಸರಿಮಾಡಿದಳು. ಆಮೇಲೆ ಒಂದೊಂದೇ ಮಾತನ್ನು ಇಟ್ಟಂತೆ ಹೇಳಿದಳು: "ನಾನು ಇರೋವರೆಗೆ ಕರೆಯಲ್ಲ."

ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಳು. ಮಗಳ ಹೆಸರನ್ನೂ ಎತ್ತಲಿಲ್ಲ. ಎಲ್ನಾಥನ್ ಅದನ್ನು ಸಿಟ್ಟೆಂದೇ ತಿಳಿದ.

*

"ಬೇಲಿ ಹತ್ರ ಯಾರೋ ನಿಂತಿದಾರೆ," ಎಂದು ರೊಟ್ಟಿ ಕತ್ತರಿಸುತ್ತಿದ್ದ ನೆರೆಮನೆಯಾಕೆ ಹೇಳಿದಳು. "ಒಳಗೂ ಬರಲ್ಲ, ಆಚೆಗೂ ಹೋಗಲ್ಲ."

ಜೆರೂಶಾ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಿಗೆ ಬಂದಳು. ಎಲ್ನಾಥನ್ ಆಗಲೇ ಅಂಗಳ ದಾಟುತ್ತಿದ್ದ. ಸೇಬಿನ ಮರಗಳ ಕೆಳಗೆ ನಿಂತಿದ್ದ ಗಂಡಸರು ಮಾತು ನಿಲ್ಲಿಸಿದರು. ಬೇಲಿಯ ಬಾಗಿಲಾಚೆ ನಿಂತಿದ್ದ ಹೆಂಗಸಿನ ಲಂಗ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಬೆಳಗಿನ ದೋಣಿಯಲ್ಲಿ ಬಂದಿರಬೇಕು.

"ಏನು ಬಂದೆ?" ಎಂದ ಎಲ್ನಾಥನ್.

"ಸಾವಿನ ಗಂಟೆ ಕೇಳಿಸ್ತು ಅಣ್ಣ. ಮೊದಲು ಹೆಂಗಸಿಗೆ ಹೊಡೆಯೋ ಆರು. ಆಮೇಲೆ ವಯಸ್ಸು ಎಷ್ಟೋ ಅಷ್ಟು. ಅರವತ್ತಕ್ಕೆ ನಿಂತುಬಿಡ್ಲಿ, ಬೇರೆ ಯಾರದೋ ಆಗ್ಲಿ ಅಂದ್ಕೊಂಡೆ. ಅರವತ್ತೈದಕ್ಕೂ ಅಂದ್ಕೊಂಡೆ. ಅರವತ್ತೆಂಟಕ್ಕೆ ನಿಂತುಹೋಯ್ತು."

"ಅಪ್ಪನ ಮಾತು ನಿನಗೆ ಗೊತ್ತಿದೆ."

"ಹೊಸ್ತಿಲು ತುಳಿಯಲ್ಲ. ಅವ್ವನ ಹಿಂದೆ ನಡೀತೀನಿ. ಎಲ್ಲರಿಗಿಂತ ಕೊನೇಲಿ ಆದ್ರೂ ಸೈ."

"ಅಪ್ಪ ಹೋದಾಗ ಅವನ ಹಿಂದೆ ನಡೀಬೇಕು ಅಂತ ನಿನಗೆ ಅನ್ನಿಸಿರಲಿಲ್ಲ."

"ಅವತ್ತೂ ಬಂದಿದ್ದೆ. ಇಲ್ಲೇ ನಿಂತಿದ್ದೆ. ನೀನು ನೋಡಿದೆ, ಮುಖ ತಿರುಗಿಸಿದೆ. ಅವ್ವನೂ ತಿರುಗಿಸಿದ್ಲು." ಕಿಜ್ಜಿಯ ದನಿ ಸಣ್ಣದಾಯಿತು. "ನನಗೆ ಒಂದೇ ಒಂದು ಗೊತ್ತಾಗಬೇಕು. ಅವ್ವ ಕೊನೇಲಿ ನನ್ನ ಬಗ್ಗೆ ಏನಾದ್ರೂ ಅಂದ್ಲಾ?"

"ಲಕ್ವ ಹೊಡೆದಿತ್ತು. ಮಾತೇ ಇರಲಿಲ್ಲ."

"ಅದಕ್ಕೆ ಮುಂಚೆ?"

ಎಲ್ನಾಥನ್ ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು ಅನ್ನಿಸಿತು ಜೆರೂಶಾಗೆ.

"ಎರಡು ಚಳಿಗಾಲ ಕೂತು ತನ್ನ ಮಣ್ಣಿಗೆ ಯಾರು ಬರಬೇಕು ಅಂತ ಯೋಚನೆ ಮಾಡಿ ಕೈಗವಸು ಹೆಣೆದ್ಲು ಕಿಜ್ಜಿ. ಗಿರಣಿಯವನಿಗೂ ಹೆಣೆದ್ಲು. ನಿನಗೆ ಹೆಣೀಲಿಲ್ಲ. ಮನೆಯವರಿಗೆ ಕರೆ ಬೇಕಿಲ್ಲ, ನಿಜ. ಮನೆ ಬಿಟ್ಟೋರಿಗೆ ಬೇಕು. ನಿನಗೆ ಬಂದಿಲ್ಲ."

ಕಿಜ್ಜಿ ಬೇಲಿಯ ಬಾಗಿಲನ್ನು ಹಿಡಿದುಕೊಂಡಳು.

ಜೆರೂಶಾ ಆ ಕೈಯನ್ನು ನೋಡಿದಳು. ಬಲಗೈ. ಮರದ ಪಟ್ಟಿಯ ಮೇಲೆ ಮೂರು ಬೆರಳು ಬಾಗಿ ಹಿಡಿದಿದ್ದವು. ಉಂಗುರದ ಬೆರಳೂ ಕಿರುಬೆರಳೂ ಅರ್ಧಕ್ಕೇ ಮುಗಿದು, ತುದಿಯಲ್ಲಿ ನುಣ್ಣಗೆ ಹೊಳೆಯುತ್ತಿದ್ದವು.

*

ಸಾಯುವ ಮುಂಚೆ ಮಾತು ಬಿದ್ದುಹೋದ ಮೂರು ದಿನ ಡಾರ್ಕಸ್‌ಗೆ ಎಡಗೈಯೊಂದೇ ಆಡುತ್ತಿತ್ತು. ಜೆರೂಶಾ ಹಾಲು ಕುಡಿಸಲು ಹತ್ತಿರ ಕೂತಾಗಲೆಲ್ಲ ಆ ಕೈ ಹುಡುಕಿಕೊಂಡು ಬಂದು ಅವಳ ಬಲಗೈಯನ್ನು ಹಿಡಿಯುತ್ತಿತ್ತು. ಕೊನೆಯ ಎರಡು ಬೆರಳನ್ನು ಒಳಕ್ಕೆ ಮಡಚುತ್ತಿತ್ತು. ಬಿಟ್ಟು, ಮತ್ತೆ ಮಡಚುತ್ತಿತ್ತು. ಆಮೇಲೆ ಕಣ್ಣು ಮೂಲೆಯ ಬಟ್ಟೆಪೆಟ್ಟಿಗೆಯ ಕಡೆಗೆ ಹೋಗುತ್ತಿತ್ತು.

"ಬೆರಳು ಜೋಮು ಹಿಡಿದಿದೆಯಾ ಅತ್ತೆ? ಚಳಿ ಆಗ್ತಿದೆಯಾ?" ಎಂದು ಜೆರೂಶಾ ಆ ಕೈಯನ್ನು ತನ್ನೆರಡು ಕೈಯ ನಡುವೆ ಇಟ್ಟುಕೊಂಡು ತಿಕ್ಕಿ ಬೆಚ್ಚಗೆ ಮಾಡುತ್ತಿದ್ದಳು. ಪೆಟ್ಟಿಗೆಯಿಂದ ಇನ್ನೊಂದು ಕಂಬಳಿ ತೆಗೆದು ಹೊದಿಸುತ್ತಿದ್ದಳು. ಡಾರ್ಕಸ್ ಕಣ್ಣು ಮುಚ್ಚುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೈ ಮತ್ತೆ ಬರುತ್ತಿತ್ತು.

*

ಜೆರೂಶಾ ಕೂಸನ್ನು ನೆರೆಮನೆಯಾಕೆಯ ಕೈಗೆ ಕೊಟ್ಟು ಹೆಣದ ಕೋಣೆಗೆ ಓಡಿದಳು. ಪ್ರಾಟ್ ಅಜ್ಜಿ ಡಾರ್ಕಸ್‌ಳ ಟೋಪಿಯ ದಾರ ಕಟ್ಟುತ್ತಿದ್ದಳು. ಹೊಳೆಯ ಎರಡೂ ದಡಕ್ಕೆ ಅವಳೊಬ್ಬಳೇ ಸೂಲಗಿತ್ತಿ. ಹುಟ್ಟಿದವರನ್ನು ತೊಳೆಯುವುದೂ ಅವಳೇ, ಸತ್ತವರನ್ನು ತೊಳೆಯುವುದೂ ಅವಳೇ.

"ಅಜ್ಜಿ, ಕಿಜ್ಜಿ ಬೆರಳು ಏನಾಯ್ತು?"

"ಯಾವತ್ತಿನ ಮಾತೇ ಅದು? ನಾಲ್ಕು ವರ್ಷ ಆಯ್ತು. ಸೇಬು ಹಿಂಡೋ ಗಾಣಕ್ಕೆ ಸಿಕ್ಕಿಬಿಡ್ತು. ನಾನೇ ಕಟ್ಟು ಹಾಕಿದ್ದು."

"ಅತ್ತೆಗೆ ಗೊತ್ತಿತ್ತಾ?"

ಪ್ರಾಟ್ ಅಜ್ಜಿಯ ಕೈ ದಾರದ ಮೇಲೇ ನಿಂತಿತು. ಸತ್ತವಳ ಅಪ್ಪಣೆ ಕೇಳುವವಳಂತೆ ಆ ಮುಖವನ್ನೊಮ್ಮೆ ನೋಡಿದಳು.

"ಅವಳಿಗೆ ಗೊತ್ತಿಲ್ಲದ್ದು ಏನಿತ್ತು? ನಾನು ಆಚೆ ದಡದಿಂದ ಬಂದ ದಿನ ಮೊಟ್ಟೆ ಕೊಡೋ ನೆಪ ಮಾಡ್ಕೊಂಡು ನನ್ನ ಮನೆಗೆ ಬರೋಳು. ಕಿಜ್ಜಿ ಹೆತ್ತಾಗ ಮಗು ತಲೆ ಯಾವ ಕಡೆಗಿತ್ತು ಅನ್ನೋದನ್ನೂ ಕೇಳಿದಾಳೆ. ಬೆರಳು ಹೋದಾಗ ನನ್ನ ಕೈ ಹಿಡ್ಕೊಂಡು, ಯಾವ ಗೆಣ್ಣಿನವರೆಗೆ, ತೋರಿಸು ಅಂದ್ಲು. ನಾನು ಹೇಳಿದ ಅಳತೆಗೆ ನೂಲು ಸುತ್ತಿ ಸುತ್ತಿ ಗಂಟು ಹಾಕ್ಕೊಂಡ್ಲು. ಅಂಗೈ ಎಷ್ಟು ಅಗಲ, ಹೆಬ್ಬೆರಳು ಎಷ್ಟು ಉದ್ದ, ಎಲ್ಲಾನೂ. ಯಾಕೇ ಅಂದ್ರೆ, ಸುಮ್ನೆ, ನನ್ನ ಮಗಳ ಕೈ ಎಷ್ಟಿದೆ ಅಂತ ನನಗೆ ಗೊತ್ತಿರಬೇಡವಾ ಅಂದ್ಲು." ಅಜ್ಜಿ ಮೂಗು ಒರೆಸಿಕೊಂಡಳು. "ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿಸಿದ್ಲು. ನೀನು ಯಾಕೆ ಹಾಗೆ ನೋಡ್ತಿದೀಯಾ?"

ಜೆರೂಶಾ ಅಡಿಗೆಮನೆಯಿಂದ ಏಳನೆಯ ಜೊತೆಯನ್ನು ತಂದು ಅಜ್ಜಿಯ ಕೈಲಿಟ್ಟಳು. ಮುದುಕಿ ಮೋಟು ಕಿರುಬೆರಳಿನ ಮೇಲೆ ಹೆಬ್ಬೆರಳಾಡಿಸಿದಳು. ಪಕ್ಕದ ಬೆರಳಿನಲ್ಲಿ ಕಡ್ಡಿಗಳು ಇನ್ನೂ ಸಿಕ್ಕಿಕೊಂಡಿದ್ದವು.

"ಅಯ್ಯೋ ಹುಚ್ಚಿ, ಇದನ್ನ ಉದ್ದ ಮಾಡ್ತಿದ್ದೀಯಾ?"

"ಪಾದ್ರಿಗಳದ್ದು ಅಂದ್ಕೊಂಡೆ ಅಜ್ಜಿ."

*

ಪಾದ್ರಿ ಅಂಗಳದಲ್ಲೇ ನಿಂತಿದ್ದರು. ಅಣ್ಣತಂಗಿಯರ ನಡುವೆ ಬಾಯಿ ಹಾಕಲು ಅವರಿಗೂ ಧೈರ್ಯ ಸಾಲದಂತಿತ್ತು. ಕಿಜ್ಜಿ ಬೇಲಿಯಿಂದ ಕೈ ತೆಗೆದು ಹೊಳೆಯ ಕಡೆ ತಿರುಗಿದ್ದಳು.

"ರೀ," ಎಂದು ಕರೆದಳು ಜೆರೂಶಾ. ಏದುಸಿರಿತ್ತು. "ಹೆಣೆದಿದಾರೆ."

"ಏನು?"

"ಕಿಜ್ಜಿಗೆ. ಇದು ಕಿಜ್ಜಿದು. ಅವಳ ಕೈ ನೋಡಿ, ಇದನ್ನ ನೋಡಿ. ಅತ್ತೆ ಕಣ್ಣು ತಪ್ಪಿರಲಿಲ್ಲ, ತಪ್ಪಿದ್ದು ನಂದು."

ಎಲ್ನಾಥನ್ ಕೈಗವಸನ್ನು ತೆಗೆದುಕೊಂಡ. ಅವನ ಉಗುರಿನ ಸುತ್ತ ಹಿತ್ತಾಳೆಯ ಮಸಿ ಇತ್ತು. ಮೋಟು ಕಿರುಬೆರಳನ್ನು ನೋಡಿದ. ತಂಗಿಯ ಕೈಯನ್ನು ನೋಡಿದ. ಬೆರಳು ಹೋದದ್ದು ಅವನಿಗೆ ಇವತ್ತೇ ಗೊತ್ತಾದದ್ದು.

"ಏಳೇ ಜೊತೆ ಇದ್ದದ್ದು," ಎಂದ. "ಏಳನೇದು ಪಾದ್ರಿಗಳದ್ದು."

"ಅಯ್ಯೋ ಬಿಡಪ್ಪ," ಎಂದರು ಪಾದ್ರಿ. "ಮೂವತ್ತು ವರ್ಷದಿಂದ ಕೊಡ್ತಾನೇ ಇದ್ದೀರಿ. ಮನೇಲಿ ಎರಡು ಪೆಟ್ಟಿಗೆ ತುಂಬ ಕೈಗವಸಿದೆ. ಇಲಿ ಮರಿ ಹಾಕುತ್ತೆ ಅದರಲ್ಲಿ. ಹೋದ ವರ್ಷ ಡಾರ್ಕಸಮ್ಮ ಬಂದು ಕೇಳಿದ್ರು, ನನ್ನ ಮಣ್ಣಿಗೆ ನಿಮಗೊಂದು ಜೊತೆ ಕಮ್ಮಿ ಆದ್ರೆ ಬೇಜಾರಾ ಅಂತ. ನಾನು ನಕ್ಕುಬಿಟ್ಟೆ. ಕಟ್ಟಳೆ ಮೀರಬಾರದು ಅಂತ ಏಳಕ್ಕೇ ಹೊಂದಿಸಿದಾರೆ."

"ನಾನಿರೋವರೆಗೆ ಕರೆಯಲ್ಲ ಅಂದಿದ್ರು ಮಾವನಿಗೆ," ಎಂದಳು ಜೆರೂಶಾ. "ನಾನು ಬಾಗಿಲಲ್ಲೇ ನಿಂತಿದ್ದೆ. ಇರೋವರೆಗೆ ಕರೀಲಿಲ್ಲ. ಈಗ ಕರೆದಿದಾರೆ."

ಎಲ್ನಾಥನ್ ಆ ಮೋಟು ಬೆರಳಿನ ತುದಿಯನ್ನು ಒತ್ತಿ ನೋಡಿದ.

"ಎದುರಿಗೇ ಕೂತು ಹೆಣೆದ್ಲು," ಎಂದ. "ನನಗೊಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ನೀನು ಬೇಡ ಅಂತಿದ್ದೆ ಅಣ್ಣ," ಎಂದಳು ಕಿಜ್ಜಿ. ಮುಖ ಒರೆಸಿಕೊಂಡಳು. "ಅಪ್ಪ ಆಮೇಲೆ ಹಾಡಲೇ ಇಲ್ಲ ಅಂತ ಪ್ರಾಟ್ ಅಜ್ಜಿ ಹೇಳಿದ್ರು. ನಾನು ಹಾಗನ್ನಬಾರದಿತ್ತು. ನನ್ನ ಮಕ್ಕಳಿಗೆ ಕೀರ್ತನೆ ಅಪ್ಪನ ರಾಗದಲ್ಲೇ ಹೇಳಿಕೊಡೋದು. ಬೇರೆ ರಾಗ ನನಗೆ ಬರೋದೂ ಇಲ್ಲ."

"ಎರಡನೇ ಸಾಲಲ್ಲಿ ಎಳೀತಿದ್ದನಲ್ಲ, ಹಾಗೇನಾ?"

"ಹಾಗೇ."

ಎಲ್ನಾಥನ್ ಬೇಲಿಯ ಬಾಗಿಲನ್ನು ಒಳಕ್ಕೆ ಎಳೆದು ತೆರೆದ. "ಬಾ," ಎಂದ. "ಒಳಗೆ ಬಂದು ನೋಡು. ಮುಚ್ಚಳ ಇನ್ನೂ ಹಾಕಿಲ್ಲ."

ಕಿಜ್ಜಿ ಹೊಸ್ತಿಲ ಮುಂದೆ ನಿಂತಳು. ಒದ್ದೆ ಲಂಗವನ್ನು ಹಿಂಡಿ, ಕಾಲನ್ನು ಕಲ್ಲಿಗೆ ಒರೆಸಿ, ಮತ್ತೊಮ್ಮೆ ಒರೆಸಿ ಒಳಗೆ ಹೋದಳು.

ಅವಳು ತಾಯಿಯ ಹತ್ತಿರವಿದ್ದಾಗ ಜೆರೂಶಾ ಒಲೆಯ ಮುಂದೆ ಕೂತು, ಬೆಳಿಗ್ಗೆಯಿಂದ ಹೆಣೆದದ್ದನ್ನೆಲ್ಲ ಬಿಚ್ಚಿದಳು. ಸುರುಳಿ ಸುರುಳಿಯಾದ ನೂಲು ಮಡಿಲಿಗೆ ಬಿತ್ತು. ಅತ್ತೆ ಎಲ್ಲಿ ಮುಗಿಸಿದ್ದಳೋ ಅಲ್ಲಿಗೆ ಬಂದು, ಕುಣಿಕೆಯ ಮೇಲೆ ಕುಣಿಕೆ ದಾಟಿಸುತ್ತ ಬಾಯಿ ಮುಚ್ಚಿದಳು. ಕೊನೆಯದೊಂದು ಕುಣಿಕೆ ಉಳಿಯಿತು. ನೂಲು ಕತ್ತರಿಸಿ ಅದರೊಳಗೆ ಎಳೆದು ಗಂಟು ಹಾಕಬೇಕು. ಅಷ್ಟರಲ್ಲಿ ಸಭಾಮನೆಯ ಗಂಟೆ ಶುರುವಾಯಿತು. ಆರು ಮಂದಿ ಕೋಣೆಗೆ ಹೋದರು.

"ಕತ್ತರಿ ಎಲ್ಲಿ? ಯಾರಾದ್ರೂ ಕತ್ತರಿ ನೋಡಿದ್ರಾ?"

ಕತ್ತರಿ ಹೆಣದ ಕೋಣೆಯಲ್ಲಿತ್ತು. ಅಲ್ಲಿ ಈಗ ಗಂಡಸರು ಮುಚ್ಚಳ ಹಾಕಿ ಪೆಟ್ಟಿಗೆಗೆ ಹೆಗಲು ಕೊಡುತ್ತಿದ್ದರು. ಜೆರೂಶಾ ಕೈಗವಸನ್ನು ಹಾಗೆಯೇ ತಂದು ಕಿಜ್ಜಿಯ ಕೈಗೆ ತೊಡಿಸಿದಳು. ಮೋಟು ಬೆರಳುಗಳು ಮೋಟು ಬೆರಳೊಳಗೆ ಹೋಗಿ ಕೂತವು. ಎಲ್ಲೂ ಸಡಿಲವಿರಲಿಲ್ಲ.

"ಎಳೀಬೇಡ, ಬಿಚ್ಚಿಕೊಂಡುಬಿಡುತ್ತೆ," ಎಂದು ಪಿಸುಗುಟ್ಟಿ, ಉಂಡೆಯನ್ನು ತನ್ನ ಜೇಬಿಗೆ ಹಾಕಿಕೊಂಡಳು.

ಮನೆಯವರು ಇಬ್ಬಿಬ್ಬರಾಗಿ ನಡೆಯಬೇಕು. ಎಲ್ನಾಥನ್ ಹೆಂಡತಿಯ ಕಡೆ ನೋಡಿದ. ಅವಳು ತಾನಾಗಿಯೇ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಕಿಜ್ಜಿ ಅಣ್ಣನ ಪಕ್ಕಕ್ಕೆ ಬಂದಳು. ಅವರ ಹಿಂದೆ ಜೆರೂಶಾ, ಕೂಸನ್ನು ಎತ್ತಿಕೊಂಡು. ಅವಳ ಜೇಬಿನಿಂದ ಹೊರಟ ಕರಿ ನೂಲು ಗಾಳಿಗೆ ಸ್ವಲ್ಪ ತೂಗಾಡುತ್ತ ಕಿಜ್ಜಿಯ ಬೆರಳಿನವರೆಗೆ ಹೋಗಿತ್ತು.

ಪೆಟ್ಟಿಗೆ ಬೇಲಿ ದಾಟಿತು. ಅಣ್ಣ ತಂಗಿ ದಾಟಿದರು. ಆಗ ಕಿಜ್ಜಿ ಗಕ್ಕನೆ ನಿಂತಳು. ನೂಲು ಬಾಗಿಲಿನ ಅಗುಳಿಗೆ ಸಿಕ್ಕಿಕೊಂಡಿತ್ತು. ಜೆರೂಶಾಳ ಎರಡು ಕೈಯಲ್ಲೂ ಕೂಸು.

ಎಲ್ನಾಥನ್ ತಿರುಗಿ ನೋಡಿದ. ಸಾಲು ಬಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಬಂದು ಬಗ್ಗಿದ. ಒರಟು ಬೆರಳುಗಳಿಂದ ಎಳೆ ಹರಿಯದ ಹಾಗೆ, ನಿಧಾನವಾಗಿ, ಅಗುಳಿಯ ಮೊದಲ ಸುತ್ತು ಬಿಡಿಸಿದ. ಆಮೇಲೆ ಎರಡನೆಯದು. ಮುಂದೆ ಓಬದಾಯನೂ ಉಳಿದ ಐವರೂ ಡಾರ್ಕಸ್‌ಳನ್ನು ಹೆಗಲ ಮೇಲಿಟ್ಟುಕೊಂಡು, ಯಾಕೆ ನಿಂತಿದ್ದೇವೆಂದು ತಿಳಿಯದೆ ಕಾದರು.